ರನ್‌ವೇ ದೀಪಗಳಿಗೆ ತ್ರೀಡಿ ನಕ್ಷೆ ಬೇಕಾ?

ಪ್ರಶ್ನೆ: ನಮ್ಮೂರು ಗೋಣಿಕೊಪ್ಪ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಘಟ್ಟದ ಕೆಳಗಿನ ಒಂದು ವಿಮಾನ ನಿಲ್ದಾಣದಲ್ಲಿ ಗುತ್ತಿಗೆದಾರರ ಕೈಕೆಳಗೆ ದೀಪಗಳ ನಿರ್ವಹಣೆಗೆ ಸೇರಿದ್ದೇನೆ. ದೀಪ, ಕೇಬಲ್, ಪಿಟ್ (ಕೇಬಲ್ ಜೋಡಿಸುವ ನೆಲದ ಗುಂಡಿ) ಎಲ್ಲದರ ತ್ರೀಡಿ ನಕ್ಷೆ ಮಾಡಿಸುತ್ತಾರಂತೆ. ಡ್ರಾಯಿಂಗ್ ಇರುವಾಗ ಇದು ಸುಮ್ನೆ ಖರ್ಚು ಎನ್ನುತ್ತಾರೆ ಸೀನಿಯರ್‌ಗಳು. ನಿಜವಾ?

ಅವರ ಮಾತು ಅರ್ಧ ಸರಿ. ಪರದೆಯ ಮೇಲೆ ತಿರುಗಿಸಿ ನೋಡುವ ಚಂದದ ಚಿತ್ರ ಮಾತ್ರ ಬಂದರೆ ಅದು ಖರ್ಚೇ. ಆದರೆ ಯಾವ ದೀಪ ಯಾವ ಸರ್ಕ್ಯೂಟ್‌ನಲ್ಲಿ ಎಷ್ಟನೆಯದು ಎಂಬುದೂ ಅದರಲ್ಲಿ ಸೇರಿದರೆ ಕಥೆಯೇ ಬೇರೆ.

ರನ್‌ವೇ ದೀಪಗಳು ಸಾಮಾನ್ಯವಾಗಿ ಸೀರೀಸ್‌ನಲ್ಲಿರುತ್ತವೆ. ಸಿಸಿಆರ್ (ಕರೆಂಟನ್ನು ಒಂದೇ ಮಟ್ಟದಲ್ಲಿ ಇಡುವ ಯಂತ್ರ) ಒಂದೇ ಕೇಬಲ್‌ನಲ್ಲಿ ಕರೆಂಟನ್ನು ಸ್ಥಿರವಾಗಿ ತಳ್ಳುತ್ತದೆ, ಪೂರ್ಣ ಬೆಳಕಿಗೆ 6.6 ಆಂಪಿಯರ್. ಹಳೆಯ ದೀಪಾವಳಿ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಎಲ್ಲವೂ ಆರುತ್ತಿದ್ದವು ಅಲ್ವಾ? ಇಲ್ಲಿ ಹಾಗಾಗದಂತೆ ಪ್ರತಿ ದೀಪಕ್ಕೂ ಒಂದು ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್ ಇದೆ.

ಇನ್‌ಸ್ಟ್ರುಮೆಂಟ್ ರನ್‌ವೇಯಲ್ಲಿ, ಅಂದರೆ ಉಪಕರಣಗಳ ನೆರವಿನಿಂದ ವಿಮಾನ ಇಳಿಸುವ ರನ್‌ವೇಯಲ್ಲಿ, ಅಂಚಿನ ದೀಪಗಳ ನಡುವೆ 60 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು. ಮಟ್ಟನ್ನೂರಿನ ಕಣ್ಣೂರು ನಿಲ್ದಾಣದ ರನ್‌ವೇ 3050 ಮೀಟರ್. ಅಷ್ಟುದ್ದಕ್ಕೆ ಎರಡೂ ಬದಿ ಸೇರಿ ಅಂಚಿನ ದೀಪಗಳೇ ನೂರು ದಾಟುತ್ತವೆ. ಟ್ಯಾಕ್ಸಿವೇಯ ನೀಲಿ ದೀಪ, ರನ್‌ವೇಗೆ ಮೊದಲೇ ದಾರಿ ತೋರುವ ಅಪ್ರೋಚ್ ದೀಪ, ಇಳಿಯುವ ಕೋನ ತೋರಿಸುವ ಪಾಪಿ (PAPI) ದೀಪ ಎಲ್ಲ ಬೇರೆ. ಒಂದು ಸರ್ಕ್ಯೂಟ್ ಕೈಕೊಟ್ಟರೂ ಉಳಿದದ್ದು ಉರಿಯಲಿ ಎಂದು ಅಕ್ಕಪಕ್ಕದ ದೀಪಗಳನ್ನು ಬೇರೆ ಬೇರೆ ಸರ್ಕ್ಯೂಟ್‌ಗೆ ಕೊಡುವುದೂ ಉಂಟು. ಹಾಗಾಗಿ ನೆಲದ ಮೇಲಿನ ಸಾಲು ಒಂದು, ಕರೆಂಟ್ ಹರಿಯುವ ಸಾಲು ಇನ್ನೊಂದು. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ.

ಈಗ ಜೋರು ಮಳೆ, ಮೆಗ್ಗರ್ (ಕೇಬಲ್‌ನ ಇನ್ಸುಲೇಶನ್ ಅಳೆಯುವ ಮೀಟರ್) ರೀಡಿಂಗ್ ಕುಸಿದಿದೆ ಅಂದುಕೊಳ್ಳಿ. ಒಂದು ಕಡೆ ಅರ್ತ್ ಆದರೆ, ಅಂದರೆ ಕೇಬಲ್ ಮಣ್ಣಿಗೆ ತಾಗಿದಂತಾದರೆ, ದೀಪಗಳು ಏನೂ ಆಗದಂತೆ ಉರಿಯುತ್ತಲೇ ಇರುತ್ತವೆ. ಎರಡನೇ ಕಡೆಯೂ ಆದರೆ ನಡುವಿನ ದೀಪಗಳು ಮಂಕಾಗುತ್ತವೆ, ಇಲ್ಲವೇ ಆರುತ್ತವೆ. ಫಾಲ್ಟ್ ಹುಡುಕಲು ಸರ್ಕ್ಯೂಟನ್ನು ಮಧ್ಯದ ಪಿಟ್‌ನಲ್ಲಿ ಬಿಡಿಸಿ ಎರಡೂ ಭಾಗಕ್ಕೆ ಮೆಗ್ಗರ್ ಹಾಕುತ್ತೀರಿ. ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡುತ್ತೀರಿ. ಆದರೆ ಮಧ್ಯದ ಪಿಟ್ ಯಾವುದು? ಸರಿಯಾದ ನಕ್ಷೆ ಇದ್ದರೆ ನೇರ ಅಲ್ಲಿಗೇ ನಡೆಯಬಹುದು. ಇಲ್ಲದಿದ್ದರೆ ಮುಂದಿನ ವಿಮಾನ ಬರುವಷ್ಟರಲ್ಲಿ ಮುಚ್ಚಳ ಎತ್ತಿ ಇಳಿಸುವುದೇ ಕೆಲಸ.

ಇಷ್ಟಕ್ಕೆ ಮಾಮೂಲಿ ನಕ್ಷೆಯೂ ಸಾಕು. ಎತ್ತರ, ಆಳ ಯಾಕೆ ಬೇಕು ಅಂದರೆ ನೀರಿಗಾಗಿ. ನೀರು ತಗ್ಗಿನ ಪಿಟ್‌ಗೆ ಇಳಿಯುತ್ತದೆ, ಡಕ್ಟ್ (ಕೇಬಲ್ ಹೋಗುವ ಕೊಳವೆ) ಹಿಡಿದು ಪಕ್ಕದ ಪಿಟ್‌ಗೂ ಹೋಗುತ್ತದೆ. ಪ್ರತಿ ಪಿಟ್‌ನ ತಳ, ಡಕ್ಟ್‌ನ ಇಳಿಜಾರು ಗೊತ್ತಿದ್ದರೆ ಜುಲೈ–ಆಗಸ್ಟ್‌ನ ಕಕ್ಕಡದ ಮಳೆಗೆ ಮೊದಲೇ ಯಾವ ಜಾಯಿಂಟ್ ನೋಡಬೇಕೆಂದು ಪಟ್ಟಿ ಮಾಡಬಹುದು. ನಮ್ಮ ಕಡೆಯ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ರೋಚ್ ದೀಪಕ್ಕೆ ಅಡ್ಡ ಬೆಳೆಯುತ್ತಿರುವ ಮರವೂ ಇದರಲ್ಲೇ ಸಿಗುತ್ತದೆ.

ಒಂದು ವಿಷಯದಲ್ಲಿ ಮೋಸಹೋಗಬೇಡಿ. ಲೈಡಾರ್ (ಲೇಸರ್‌ನಿಂದ ಅಳೆಯುವ) ಗಾಡಿ ಓಡಿಸಿದರೆ ದೀಪ, ಮುಚ್ಚಳ, ಬೋರ್ಡ್ ಎಲ್ಲ ಕೆಲವೇ ಸೆಂಟಿಮೀಟರ್ ವ್ಯತ್ಯಾಸದಲ್ಲಿ ಬರುತ್ತವೆ. ಆದರೆ ಅದು ಮಣ್ಣಿನೊಳಗೆ ನೋಡುವುದಿಲ್ಲ. ಅದಕ್ಕೆ ಜಿಪಿಆರ್ ಎಂಬ ನೆಲದ ರೇಡಾರ್ ಇದೆ, ಆದರೆ ಜೇಡಿ ಮಿಶ್ರಿತ ಒದ್ದೆ ಮಣ್ಣು ಅದರ ಅಲೆಗಳನ್ನು ನುಂಗಿಬಿಡುತ್ತದೆ. ಆ ಸರ್ವೆಯನ್ನು ಫೆಬ್ರವರಿ–ಮಾರ್ಚ್‌ನಲ್ಲಿ ಮಾಡಿಸಿ ಎಂದು ಹೇಳಿ. ಕೇಬಲ್ ಇದೇ ಆಳದಲ್ಲಿದೆ ಎಂದು ಗಟ್ಟಿಯಾಗಿ ಹೇಳಬೇಕಾದರೆ ಟ್ರೆಂಚ್ ತೆರೆದಿದ್ದಾಗಲೇ ಅಳೆದಿರಬೇಕು. ಜಾಯಿಂಟ್ ಹಾಕಿದ ರಾತ್ರಿಯೇ ಅದು ನಕ್ಷೆಗೆ ಏರದಿದ್ದರೆ, ಸ್ವಲ್ಪ ದಿನದಲ್ಲಿ ಇದೂ ಹಳೆಯ ಡ್ರಾಯಿಂಗ್‌ನ ಜೊತೆ ಬೀರು ಸೇರುತ್ತದೆ. ಆ ಕೆಲಸ ಯಾರದ್ದು ಅಂತ ಈಗಲೇ ಕೇಳಿ. ಯಾರೂ ಇಲ್ಲವಾದರೆ ನೀವೇ ಕೈಯೆತ್ತಿ, ನಿಮ್ಮ ವಯಸ್ಸಿಗೆ ಒಳ್ಳೆಯ ಅವಕಾಶ.

ಇನ್ನೊಂದು ಮಾತು. ನಕ್ಷೆ ಏನೇ ತೋರಿಸಲಿ, ಸಿಸಿಆರ್ ಆಫ್ ಮಾಡಿ ಬೀಗ ಹಾಕದೆ ಕನೆಕ್ಟರ್ ಬಿಡಿಸಬೇಡಿ. ಓಡುತ್ತಿರುವ ಸೀರೀಸ್ ಸರ್ಕ್ಯೂಟ್ ತೆರೆದರೆ ಸಿಸಿಆರ್ ಕರೆಂಟನ್ನು ಅಷ್ಟೇ ಇಡಲು ವೋಲ್ಟೇಜ್ ಏರಿಸುತ್ತದೆ. ಸಾವಿರಾರು ವೋಲ್ಟ್ ಅದು.

ಪ್ರಶ್ನೆ: ಕುಶಾಲನಗರದಲ್ಲಿ ಮದುವೆಗೆ ಡ್ರೋನ್ ಹಾರಿಸುತ್ತೇನೆ. ಇಂಥ ನಿಲ್ದಾಣದ ಸರ್ವೆ ನಾನೂ ಮಾಡಬಹುದಾ?

ಅನುಮತಿ ಇಲ್ಲದೆ ಆಗುವುದಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಸುತ್ತ 5 ಕಿಲೋಮೀಟರ್ ಕೆಂಪು ವಲಯ, ಅಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಮದುವೆಯ ಡ್ರೋನ್‌ಗೆ ಸೆಂಟಿಮೀಟರ್ ಲೆಕ್ಕದ ಆರ್‌ಟಿಕೆ ಎಂಬ ನಿಖರ ಜಿಪಿಎಸ್ ಸಾಮಾನ್ಯವಾಗಿ ಇರುವುದೂ ಇಲ್ಲ. ಸರ್ವೆ ಕಲಿಯುವ ಆಸೆಯಿದ್ದರೆ ಮೊದಲು ತೋಟದ ಅಳತೆಯಿಂದ ಶುರುಮಾಡಿ, ಅದಕ್ಕೂ ವಲಯ ನೋಡಿಕೊಂಡೇ.

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಪಂಪ್‌ನ ಕೇಬಲ್ ಮಣ್ಣೊಳಗಿದೆ. ಗುಂಡಿ ತೆಗೆಯುವಾಗ ಪ್ರತಿ ಸಲ ಭಯ. ನಮಗೂ ತ್ರೀಡಿ ನಕ್ಷೆ ಆಗುತ್ತದಾ?

ಆಗುತ್ತದೆ, ಆದರೆ ಅಷ್ಟು ದೊಡ್ಡದು ಬೇಡ. ಮುಂದಿನ ಸಲ ಕೇಬಲ್ ಅಗೆದಾಗ, ಮುಚ್ಚುವ ಮೊದಲು ಟೇಪ್ ಹಿಡಿದು ಫೋಟೊ ತೆಗೆಯಿರಿ. ಆಳ ಬರೆಯಿರಿ. ಫೋನ್‌ನ ಜಿಪಿಎಸ್ ನಂಬಬೇಡಿ, ಮರಗಳ ಕೆಳಗೆ ಅದು ಹಲವು ಮೀಟರ್ ತಪ್ಪುತ್ತದೆ. ಪ್ರತಿ ತಿರುವಿಗೂ ಎರಡು ಕದಲದ ಜಾಗಗಳಿಂದ ದೂರ ಅಳೆಯಿರಿ: ಪಂಪ್‌ಹೌಸ್ ಮೂಲೆ, ಕಣದ ಅಂಚು, ಹೀಗೆ. ಸಿಲ್ವರ್ ಮರದಿಂದ ಮಾತ್ರ ಅಳೆಯಬೇಡಿ, ರೇಟು ಬಂದಾಗ ಮೊದಲು ಕಡಿಯುವುದು ಅದನ್ನೇ.