ಮಳೆ ಬಂದರೆ ಇಎಲ್‌ಸಿಬಿ ಬೀಳುತ್ತೆ, ತೆಗೆದುಬಿಡೋಣವಾ?

ಕಳೆದ ಸಲ ಮನೆ ವೈರಿಂಗ್ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಸ್ವಿಚ್ಚಿನ ಮೇಲಿನ ದೂರು: ಇಎಲ್‌ಸಿಬಿ, ಅಂದರೆ ಕರೆಂಟ್ ಎಲ್ಲಾದರೂ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು. ಅದಕ್ಕೇ ಈ ಸಲ ಪೂರ್ತಿ ಅದೇ.

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಮನೆ ಕಟ್ಟಿಸುವಾಗ ಇಎಲ್‌ಸಿಬಿ ಹಾಕಿಸಿದೆವು. ಬೇಸಿಗೆಯಲ್ಲಿ ಏನೂ ತಂಟೆಯಿಲ್ಲ. ಮಳೆ ಹಿಡಿದರೆ ದಿನಕ್ಕೆ ಎರಡು ಮೂರು ಸಲ ಬೀಳುತ್ತೆ, ಹೆಚ್ಚಾಗಿ ಬೆಳಗಿನ ಜಾವ. ವೈರ್‌ಮನ್ "ಇದರ ಕಾಟವೇ ಬೇಡ, ತೆಗೆದು ನೇರ ಕೊಟ್ಟುಬಿಡೋಣ" ಅಂತಾರೆ. ಮಾಡಿಸಬಹುದಾ ಸಾರ್?

ಉತ್ತರ: ಬೇಡ. ಹಾಗಂತ ನಿಮ್ಮ ವೈರ್‌ಮನ್ನನ್ನು ಬೈಯುವ ಮುಖ ನನಗಿಲ್ಲ. ನಾನೂ ಹಿಂದೊಮ್ಮೆ ಇದನ್ನೇ ಮಾಡಿದವನು. ಒಂದು ಹೋಟೆಲಿನಲ್ಲಿ ಬೆಳಗ್ಗೆ ಗ್ರೈಂಡರ್ ಹಾಕಿದರೆ ಸಾಕು, ಇಎಲ್‌ಸಿಬಿ ಬೀಳುತ್ತಿತ್ತು. "ಆರು ಗಂಟೆಗೆ ಗಿರಾಕಿ ಬಂದು ಕೂತಿರ್ತಾರೆ, ಏನಾದ್ರೂ ಮಾಡಿ" ಅಂದರು ಮಾಲೀಕರು. ಎರಡು ತುಂಡು ವೈರು ಹಾಕಿ ನೇರ ಕೊಟ್ಟು ಬಂದೆ. ವಾರವೂ ಆಗಿರಲಿಲ್ಲ. ಗ್ರೈಂಡರ್ ತೊಳೆಯುತ್ತಿದ್ದ ಹುಡುಗನಿಗೆ ಹೊಡೆಯಿತು. ಪಕ್ಕದಲ್ಲಿದ್ದವರು ಮೇನ್ ಇಳಿಸಿದ್ದಕ್ಕೆ ಬದುಕಿದ. ನಾನು ಹೋದಾಗ ಹಿಟ್ಟಿನ ನೀರಿನಲ್ಲಿ ಅವನ ಒಂದು ಹವಾಯಿ ಚಪ್ಪಲಿ ಬಿದ್ದಿತ್ತು, ಇನ್ನೊಂದು ಬಾಗಿಲ ಹತ್ತಿರ. ಮೋಟರಿನ ವೈರು ಚರ್ಮ ಸುಲಿದು ಗ್ರೈಂಡರಿನ ಲೋಹದ ಬಾಡಿಗೆ ತಾಗಿತ್ತು. ನಾನು ತೆಗೆಯುವ ಮುಂಚೆ ಆ ಸ್ವಿಚ್ಚು ದಿನಾ ಬಿದ್ದು ಹೇಳುತ್ತಿದ್ದದ್ದೂ ಅದನ್ನೇ.

ಈಗ ನಿಮ್ಮ ಮನೆಗೆ ಬರೋಣ. ನಾವೆಲ್ಲ ಬಾಯಿ ಮಾತಿಗೆ ಇಎಲ್‌ಸಿಬಿ ಅಂತೀವಿ, ಈಗ ಅಂಗಡಿಯಲ್ಲಿ ಕೊಡುವುದು ಆರ್‌ಸಿಸಿಬಿ. ಅದರೊಳಗೆ ಒಂದು ಉಂಗುರವಿದೆ. ಫೇಸೂ ನ್ಯೂಟ್ರಲ್ಲೂ ಅದರ ಮೂಲಕ ಹಾಯುತ್ತವೆ. ಫೇಸಿನಲ್ಲಿ ಹೋದಷ್ಟೂ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂದರೆ ಲೆಕ್ಕ ಸರಿ. ಬರಲಿಲ್ಲ ಅಂದರೆ ನಡುವೆ ಎಲ್ಲೋ ಸೋರಿದೆ. ಗೋಡೆಗೋ, ನೀರಿಗೋ, ಮನುಷ್ಯನ ಮೈಗೋ, ಅದಕ್ಕೆ ಗೊತ್ತಿಲ್ಲ. ಬಿದ್ದುಬಿಡುತ್ತೆ. ಮನೆಗೆ ಹಾಕುವುದರ ಮೇಲೆ 30 ಎಂಎ ಅಂತ ಬರೆದಿರುತ್ತೆ, ಅಂದರೆ 0.03 ಆಂಪಿಯರ್. 15ರಿಂದ 30ರ ನಡುವೆ ಎಲ್ಲಿ ಬಿದ್ದರೂ ಅದು ಸರಿಯಾಗೇ ಇದೆ ಅಂತ ಅರ್ಥ. ಹಾಗಾಗಿ ಒಂದೇ ದೊಡ್ಡ ಸೋರಿಕೆ ಇರಬೇಕಂತಿಲ್ಲ. ಪಂಪಿನದು ಎಂಟು, ಗೀಸರಿನದು ಐದು, ಗೇಟಿನ ದೀಪದ್ದು ಆರು ಸೇರಿದರೂ ಸಾಕು.

ಮಳೆಗಾಲದಲ್ಲಿ ಮಾತ್ರ ಬೀಳುತ್ತೆ ಅಂದರೆ ನಾನು ಮೊದಲು ನೋಡುವುದು ಮನೆಯ ಹೊರಗೆ. ಕಾಂಪೌಂಡ್ ದೀಪ, ಟೆರೇಸಿನ ದೀಪ, ಕಾಲಿಂಗ್ ಬೆಲ್ ಸ್ವಿಚ್ಚು, ಬಾವಿ ಪಂಪಿನ ಕೇಬಲ್ಲಿನ ಜಾಯಿಂಟು. ತೀರ್ಥಹಳ್ಳಿ ಕಡೆ ಒಂದು ಮನೆಯಲ್ಲಿ ಗೇಟಿನ ಕಂಬದ ಮೇಲಿನ ಗಾಜಿನ ಬುಂಡೆ ಬಿಚ್ಚಿದೆ. ಒಳಗೆ ಅರ್ಧ ಲೋಟ ನೀರು, ಹೋಲ್ಡರ್ ತುಂಬ ಇರುವೆ ಗೂಡು. ಮನೆಯವರು "ಆ ದೀಪ ಹಾಕೋದೇ ಇಲ್ಲ, ಅದು ಹೇಗೆ ಕಾರಣ ಆಗುತ್ತೆ?" ಅಂದರು. ಇಲ್ಲೇ ಎಷ್ಟೋ ವೈರ್‌ಮನ್‌ಗಳು ಎಡವುವುದು. ಸ್ವಿಚ್ ಆರಿಸಿದರೆ ಫೇಸ್ ಮಾತ್ರ ಕಟ್ ಆಗುತ್ತೆ, ನ್ಯೂಟ್ರಲ್ ಹೋಲ್ಡರ್‌ವರೆಗೂ ಹಾಗೇ ಇರುತ್ತೆ. ಅದು ಒದ್ದೆಯಾಗಿ ನೆಲಕ್ಕೆ ತಾಗಿದರೂ ಲೆಕ್ಕ ತಪ್ಪುತ್ತೆ. ಮೇನ್ ಪೆಟ್ಟಿಗೆಯಲ್ಲಿ (ಡಿಬಿ) ಎಂಸಿಬಿಗಳನ್ನು, ಅಂದರೆ ಒಂದೊಂದು ಲೈನಿಗೆ ಫ್ಯೂಸಿನ ಬದಲು ಇರುವ ಸ್ವಿಚ್ಚುಗಳನ್ನು, ಒಂದೊಂದಾಗಿ ಇಳಿಸಿ ನೋಡಿ "ಎಲ್ಲ ಸರಿ ಇದೆ, ಸ್ವಿಚ್ಚೇ ಹಾಳು" ಅನ್ನುವುದು ಇದಕ್ಕೇ. ನ್ಯೂಟ್ರಲ್ ವೈರುಗಳನ್ನೂ ಬಿಚ್ಚಿ ಒಂದೊಂದಾಗಿ ಮೆಗ್ಗರ್ (ವೈರು ಎಲ್ಲಾದರೂ ಸೋರುತ್ತಿದೆಯಾ ಅಂತ ಅಳೆಯುವ ಮೀಟರ್) ಹಿಡಿಯಲು ಹೇಳಿ. ಅರ್ಧ ದಿನದ ಕೆಲಸ, ಕೂಲಿ ಕೊಡಿ.

ಇನ್ನೊಂದು. ಬೆಳಗಿನ ಜಾವ ನಿಮ್ಮ ಮನೆಯಲ್ಲಿ ಮೊದಲು ಹಾಕುವುದು ಯಾವ ಸ್ವಿಚ್ಚು ಅಂತ ನೀವು ಬರೆದಿಲ್ಲ. ಪಂಪೋ ಗೀಸರೋ ಆಗಿದ್ದರೆ ಅಲ್ಲಿಂದಲೇ ಶುರು ಮಾಡಿ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಬೇಕರಿ. ಎರಡು ಫ್ರೀಜರ್ ಇವೆ. ಇನ್ವರ್ಟರ್ ಹಾಕಿಸಿದಾಗಿನಿಂದ ಮೇನಿನಲ್ಲಿರುವ 30 ಎಂಎ ಆರ್‌ಸಿಸಿಬಿ ಬೀಳುತ್ತಿದೆ. ಒಂದು ರಾತ್ರಿ ಬಿದ್ದದ್ದು ಬೆಳಗ್ಗೆವರೆಗೂ ಯಾರಿಗೂ ಗೊತ್ತಾಗಲಿಲ್ಲ, ಕ್ರೀಮೆಲ್ಲ ಹಾಳು. 300 ಎಂಎ ಹಾಕಿದರೆ ಬೀಳಲ್ಲ ಅಂತಾರೆ.

ಉತ್ತರ: ಬೀಳುವುದು ಕಮ್ಮಿಯಾಗಬಹುದು. ಆದರೆ ನಿಮ್ಮ ಹುಡುಗರಿಗೆ ಶಾಕ್ ಹೊಡೆದಾಗಲೂ ಬೀಳದೇ ಇರಬಹುದು. 300 ಎಂಎ ಇರುವುದು ಬೆಂಕಿ ತಪ್ಪಿಸಲು, ಮನುಷ್ಯರಿಗಲ್ಲ.

ಇನ್ವರ್ಟರ್ ಬಂದ ಮೇಲೆ ಶುರುವಾಯಿತು ಅಂದಿರಲ್ಲ, ನ್ಯೂಟ್ರಲ್ ಅದಲುಬದಲಾಗಿರಬೇಕು. ದೀಪಗಳಿಗೆ ಫೇಸ್ ಆರ್‌ಸಿಸಿಬಿ ದಾಟಿ ಇನ್ವರ್ಟರಿನ ಮೂಲಕ ಹೋಗುತ್ತೆ, ವಾಪಸ್ ಬರುವ ನ್ಯೂಟ್ರಲ್ಲನ್ನು ಆರ್‌ಸಿಸಿಬಿಗೂ ಮುಂಚಿನ ಲಿಂಕಿಗೆ (ನ್ಯೂಟ್ರಲ್ ವೈರುಗಳೆಲ್ಲ ಸೇರುವ ಪಟ್ಟಿಗೆ) ಕಟ್ಟಿರುತ್ತಾರೆ. ಮುಂಬಾಗಿಲಿನಿಂದ ಹೋದವರು ಹಿತ್ತಿಲಿನಿಂದ ಬಂದ ಹಾಗೆ. ಎಣಿಸುವವನಿಗೆ ಒಬ್ಬ ಕಮ್ಮಿ. ಸೋರಿಕೆ ಏನೂ ಇರಲ್ಲ, ಆದರೂ ಬೀಳುತ್ತೆ. ಇನ್ವರ್ಟರ್ ಲೈನಿನ ನ್ಯೂಟ್ರಲ್ ಬೇರೆ ಮಾಡಿಸಿ, ಅದೂ ಆರ್‌ಸಿಸಿಬಿಯ ಮೂಲಕವೇ ವಾಪಸ್ ಬರಲಿ.

ಆಮೇಲೆ ಇಡೀ ಅಂಗಡಿಯನ್ನು ಒಂದೇ 30ರ ಮೇಲೆ ನಿಲ್ಲಿಸಬೇಡಿ. ಎಲ್ಲಿ ಏನಾದರೂ ಫ್ರೀಜರೇ ಆರುತ್ತೆ. ಫ್ರೀಜರ್ ಒಂದೊಂದಕ್ಕೂ ಬೇರೆ ಆರ್‌ಸಿಬಿಒ ಹಾಕಿಸಿ, ಅದರಲ್ಲಿ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಕೆಲಸ ಒಂದರಲ್ಲೇ ಆಗುತ್ತೆ. ಮಿಕ್ಸರ್, ಓವನ್, ಪ್ಲಗ್ ಪಾಯಿಂಟುಗಳಿಗೆ 30. ಇಷ್ಟಾದ ಮೇಲೆ ಮೇನಿನಲ್ಲಿ ಸ್ವಲ್ಪ ತಡವಾಗಿ ಬೀಳುವ ಎಸ್ ಟೈಪಿನ 300 ಇರಲಿ. ಖರ್ಚು ಜಾಸ್ತಿಯೇ. ಒಂದು ರಾತ್ರಿಯ ಕ್ರೀಮಿನ ಲೆಕ್ಕ ನಿಮಗೇ ಗೊತ್ತಿದೆಯಲ್ಲ.

ಪ್ರಶ್ನೆ: ಮನೆ ತುಂಬ ಎಂಸಿಬಿ ಇದೆ. ಮತ್ತೆ ಇದೂ ಬೇಕಾ? (ಮಂಡ್ಯ)

ಉತ್ತರ: ಬೇಕು. ಎಂಸಿಬಿ ಕಾಯುವುದು ವೈರನ್ನು. ಒದ್ದೆ ಮೈಯ ತಡೆ ಸುಮಾರು ಸಾವಿರ ಓಮ್ ಅಂತ ಹಿಡಿದರೆ 230 ವೋಲ್ಟಿಗೆ ಮೈಯಲ್ಲಿ 230 ಮಿಲಿ ಆಂಪಿಯರ್ ಹರಿಯುತ್ತೆ. 60 ವಾಟಿನ ಹಳೇ ಬಲ್ಬು ಎಳೆಯುವುದೇ 260. 16 ಆಂಪಿಯರಿನ ಎಂಸಿಬಿ ಕಣ್ಣಿಗೆ ನೀವು ಒಂದು ಸಣ್ಣ ಬಲ್ಬು, ಅಷ್ಟೇ. ಆದರೆ ಆರ್‌ಸಿಸಿಬಿಯನ್ನೂ ದೇವರು ಮಾಡಬೇಡಿ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ರಬ್ಬರ್ ಚಪ್ಪಲಿ ಹಾಕಿ ನಿಂತರೆ ಹೋದದ್ದೆಲ್ಲ ವಾಪಸ್ ಬರುತ್ತೆ. ಅದು ಬೀಳಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಹಳೇ ಬಾಡಿಗೆ ಮನೆ. ಅರ್ತಿಂಗ್ ಇಲ್ಲ, ಓನರ್ ಮಾಡಿಸಲ್ಲ. ಪ್ಲಗ್ಗಿನಲ್ಲಿ ಅರ್ತ್ ಪಿನ್ನನ್ನು ನ್ಯೂಟ್ರಲ್ಲಿಗೆ ಸೇರಿಸಿದರೆ ಆಗುತ್ತೆ ಅಂತ ಒಬ್ಬರು ಹೇಳಿದರು.

ಉತ್ತರ: ಅವರನ್ನು ಇನ್ನೊಮ್ಮೆ ಕರೆಯಬೇಡಿ. ಬೀದಿಯಲ್ಲಿ ನ್ಯೂಟ್ರಲ್ ಕಟ್ ಆದ ದಿನ ನಿಮ್ಮ ಫ್ರಿಡ್ಜು, ವಾಷಿಂಗ್ ಮೆಷಿನ್ನಿನ ಬಾಡಿಗೆಲ್ಲ 230 ವೋಲ್ಟ್ ಬಂದು ಕೂತಿರುತ್ತೆ. ಅರ್ತ್ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತೆ. ವ್ಯತ್ಯಾಸ ಇಷ್ಟೇ, ಅರ್ತ್ ಇದ್ದರೆ ಗೀಸರಿನಲ್ಲಿ ಕರೆಂಟ್ ಸೋರಿದ ಕ್ಷಣವೇ ಬೀಳುತ್ತೆ, ಇಲ್ಲದಿದ್ದರೆ ನೀವು ಮುಟ್ಟಿದ ಮೇಲೆ. ಓನರ್ ಹತ್ತಿರ ಇನ್ನೊಮ್ಮೆ ಮಾತಾಡಿ. ಅಲ್ಲಿವರೆಗೆ ನಿಮ್ಮ ದುಡ್ಡಿನಲ್ಲೇ ಒಂದು 30 ಎಂಎ ಹಾಕಿಸಿಕೊಳ್ಳಿ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಸ್ನಾನಕ್ಕೆ ಹೋಗುವ ಮುಂಚೆ ಗೀಸರ್ ಆರಿಸಿ.

ಪ್ರಶ್ನೆ: ಟಿ ಅಂತ ಬರೆದಿರುವ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. (ಧಾರವಾಡ)

ಉತ್ತರ: ಒತ್ತಿದಾಗ ಕರೆಂಟ್ ಇತ್ತು ತಾನೆ? ಇದ್ದೂ ಬೀಳಲಿಲ್ಲ ಅಂದರೆ ಇವತ್ತೇ ಬದಲಾಯಿಸಿ, ಐಎಸ್‌ಐ ಮುದ್ರೆ ನೋಡಿ ತನ್ನಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಒಳಗಿನ ಮೆಕ್ಯಾನಿಸಂ ಹಿಡಿದುಕೊಂಡುಬಿಡುತ್ತೆ. ನಾನು ಪ್ರತಿ ತಿಂಗಳು ಕರೆಂಟ್ ಬಿಲ್ ಬಂದ ದಿನ ಒತ್ತುತ್ತೇನೆ, ಬೇರೆ ದಿನ ನೆನಪಿರಲ್ಲ. ಒತ್ತುವ ಮುಂಚೆ ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ನೋಡಿಕೊಳ್ಳಿ. ಒಮ್ಮೆ ಮೊಮ್ಮಗಳು ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುತ್ತಿದ್ದಾಗ ಒತ್ತಿ, ಎರಡು ದಿನ ಮಾತು ಬಿಡಿಸಿಕೊಂಡಿದ್ದೆ.