ಒಂದೇ ಜಿಲ್ಲೆ, ನಾಲ್ಕು ಆರ್ಚ್‌ಬಿಷಪ್ಪರು

ನಾವು ಕಾಸರಗೋಡು ಜಿಲ್ಲೆಯ ಕ್ಯಾಥೊಲಿಕರು. ಕಾಸರಗೋಡು ಕೇರಳದಲ್ಲಿದೆ, ಹಾಗಾದ್ರೆ ನಿಮ್ಮ ಆರ್ಚ್‌ಬಿಷಪ್ ಕೂಡ ಕೇರಳದವರೇ ಅಲ್ವಾ ಅಂತ ಹಲವರು ಕೇಳುತ್ತಾರೆ. ಅಲ್ಲ, ಬೆಂಗಳೂರಿನವರು!

ನಾನು ಬೇಳದ ಕಡೆಯವನು. ನಮ್ಮ ಇಗರ್ಜಿ, ಅಂದರೆ ಚರ್ಚು, 1890ರದ್ದು. ಆಗ ಇದು ದಕ್ಷಿಣ ಕನ್ನಡ ಜಿಲ್ಲೆಯೇ. ಮಂಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತ ಪ್ರದೇಶ) ಆದದ್ದು 1886ರಲ್ಲಿ, ಮಲಬಾರು ಕೂಡ ಅದಕ್ಕೇ ಸೇರಿತ್ತು. 1923ರಲ್ಲಿ ಕಲ್ಲಿಕೋಟೆ ಬೇರೆಯಾಯಿತು. 1953ರಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯ, ಅಂದರೆ ಆರ್ಚ್‌ಬಿಷಪ್ಪರ ಪ್ರಾಂತ್ಯವಾಗಿ, ಮಂಗಳೂರು ಅದರ ಕೂಟಕ್ಕೆ ಸೇರಿತು. ಮೂರು ವರ್ಷ ಕಳೆದು, 1956ರ ನವೆಂಬರ್ 1ಕ್ಕೆ, ನಾವು ಕೇರಳದವರಾದೆವು. ಇಗರ್ಜಿ ಮಾತ್ರ ಮಂಗಳೂರಲ್ಲೇ ಉಳಿಯಿತು. ರೇಷನ್ ಕಾರ್ಡ್ ಕೇರಳದ್ದು, ಇಗರ್ಜಿಯ ಮುಖ್ಯ ಪಾದ್ರಿಗಳಾದ ವಿಗಾರರ ವರ್ಗಾವಣೆ ಮಂಗಳೂರಿನಿಂದ.

ಆರ್ಚ್‌ಬಿಷಪ್ ಅಂದ್ರೆ ನಮ್ಮ ಬಿಷಪ್ಪರ ಮೇಲಿನ ಸಾಹೇಬರು ಅಂತ ತಿಳಿಯಬೇಡಿ. ಮಂಗಳೂರಿನ ಆಡಳಿತದಲ್ಲಿ ಅವರು ಕೈ ಹಾಕುವುದು ತೀರಾ ಕಡಿಮೆ. ಬಿಷಪ್ಪರನ್ನು ನೇಮಿಸುವುದು ಪೋಪ್. ನಮಗೆ ದಿನಬಳಕೆಗೆ ಬೇಕಾದವನು ವಾಡೆಯ (ಇಗರ್ಜಿಗೆ ಸೇರಿದ ಮನೆಗಳ ಒಂದು ಗುಂಪಿನ) ಮುಖಂಡ ಗುರ್ಕಾರ. ಮನೆಯಲ್ಲಿ ಸಾವಾದರೂ ಮದುವೆಯಾದರೂ ಮೊದಲು ಸುದ್ದಿ ಹೋಗುವುದು ಅವನಿಗೆ. ಆಮೇಲೆ ವಿಗಾರರು, ಅದರಾಚೆ ಬಿಷಪ್.

ಜಿಲ್ಲೆಯ ತೆಂಕು ಭಾಗಕ್ಕೆ ಹೋದರೆ ಲೆಕ್ಕ ಬೇರೆ. ಅಲ್ಲಿನ ಲ್ಯಾಟಿನ್ ಕ್ರಮದವರು, ಅಂದರೆ ನಮ್ಮಂತೆಯೇ ರೋಮಿನ ಪೂಜಾಪದ್ಧತಿಯವರು, ಕಣ್ಣೂರು ಧರ್ಮಪ್ರಾಂತ್ಯಕ್ಕೆ ಸೇರುತ್ತಾರೆ. ಅದು 2025ರವರೆಗೆ ವರಾಪುಳ ಮಹಾಧರ್ಮಪ್ರಾಂತ್ಯದ ಕೂಟದಲ್ಲಿತ್ತು. ಆ ವರ್ಷ ಕಲ್ಲಿಕೋಟೆಯೇ ಮಹಾಧರ್ಮಪ್ರಾಂತ್ಯವಾಯಿತು, ಕಣ್ಣೂರು ಅದಕ್ಕೆ ಸೇರಿತು. ಮೂಡಣ ಗುಡ್ಡಗಳಲ್ಲಿ ರಬ್ಬರು ಬೆಳೆಸುವವರಲ್ಲಿ ಹಲವರು ತಿರುವಾಂಕೂರಿನಿಂದ ಬಂದ ಸಿರೋ ಮಲಬಾರ್ ಕ್ರೈಸ್ತರು (ಸಿರಿಯನ್ ಪೂಜಾಪದ್ಧತಿಯ ಕ್ಯಾಥೊಲಿಕರು), ಅವರಿಗೆ ತಲಶ್ಶೇರಿ ಮಹಾಧರ್ಮಪ್ರಾಂತ್ಯ. ರಾಜಪುರಂನಲ್ಲಿ 1943ರಲ್ಲಿ ನೆಲೆಯೂರಿದ, ಸಿರೋ ಮಲಬಾರಿನದೇ ಪ್ರತ್ಯೇಕ ಪಂಗಡವಾದ ಕ್ನಾನಾಯದವರಿಗೆ ದೂರದ ಕೋಟ್ಟಯಂ ಮಹಾಧರ್ಮಪ್ರಾಂತ್ಯ. ಎಣಿಸಿ ನೋಡಿ, ಬೆಂಗಳೂರು, ಕಲ್ಲಿಕೋಟೆ, ತಲಶ್ಶೇರಿ, ಕೋಟ್ಟಯಂ, ನಾಲ್ಕಾಯಿತು. ಊರಲ್ಲಿ ಯಾರಾದರೂ "ನಮ್ಮ ಬಿಷಪ್" ಅಂದರೆ ಸುಮ್ನೆ ತಲೆಯಾಡಿಸಬೇಡಿ, ಯಾವ ಊರಿನವರು ಅಂತ ಕೇಳಿಕೊಳ್ಳಿ.

ಮಂಗಳೂರಿನ ನಂಟು ಜಾಸ್ತಿ ಕಾಣುವುದು ಸೆಪ್ಟೆಂಬರ್ 8ಕ್ಕೆ, ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬದಂದು. ಮಕ್ಕಳು ಮಾತೆಗೆ ಹೂ ಹಾಕುತ್ತಾರೆ, ಹೊಸ ತೆನೆ ಆಶೀರ್ವಾದ ಆಗುತ್ತದೆ. ಮನೆಗೆ ತಂದ ತೆನೆಯ ಭತ್ತ ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತೇವೆ. ಅಂದು ಮೀನೂ ಇಲ್ಲ, ಮಾಂಸವೂ ಇಲ್ಲ.

ಪೂಜೆ ಕೊಂಕಣಿಯಲ್ಲಿ, ಪುಸ್ತಕ ಕನ್ನಡ ಲಿಪಿಯಲ್ಲಿ. ತೊಡಕು ಇರುವುದು ಇಲ್ಲೇ. ತಂಗಿಯ ಮಗ ಮಲಯಾಳಂ ಮೀಡಿಯಂ. ಕೊಂಕಣಿ ಸಲೀಸಾಗಿ ಮಾತಾಡುತ್ತಾನೆ, ಪುಸ್ತಕ ಕೊಟ್ಟರೆ ತಲೆಕೆಳಗಾಗಿ ಹಿಡಿಯುತ್ತಾನೆ. ಈಗ ಭಾನುವಾರ ಪೂಜೆ ಮುಗಿದ ಮೇಲೆ ಅವನ ಅಜ್ಜಿ ಅವನಿಗೆ ಅ ಆ ಇ ಈ ತಿದ್ದಿಸುತ್ತಿದ್ದಾರೆ.