ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿಮ್ಮ ಮೀಟರು ಏನು ಮಾಡುತ್ತದೆ?

ಈ ಸಲ ಕಟ್ಟಡಗಳ ಕರೆಂಟು ಉಳಿಸುವ ಬಗ್ಗೆ ಓದುಗರ ಮೂರು ಪ್ರಶ್ನೆಗಳು. ಮೊದಲನೆಯದಕ್ಕೇ ಜಾಸ್ತಿ ಜಾಗ ಹೋಗಿದೆ, ಉಳಿದಿಬ್ಬರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ನಮ್ಮ ತಂದೆ ಕುಂದಾಪುರದಿಂದ ಬಂದು ಇಲ್ಲಿ ಹೋಟೆಲ್ ನಡೆಸಿದವರು. ಈಗ ಹೋಟೆಲ್ ಇಲ್ಲ. ಅಂಧೇರಿ, ಥಾಣೆ, ಮುಲುಂದ್ ಮತ್ತು ಪುಣೆಯಲ್ಲಿ ಒಟ್ಟು ಐದು ಆಫೀಸ್ ಕಟ್ಟಡಗಳಿವೆ, ನಾವು ಅಣ್ಣತಮ್ಮಂದಿರು ನೋಡಿಕೊಳ್ಳುತ್ತೇವೆ. ದೊಡ್ಡ ಬಾಡಿಗೆದಾರರು ‘ಗ್ರೀನ್ ಸರ್ಟಿಫಿಕೇಟ್ ಇದೆಯಾ’ ಎಂದು ಕೇಳಲು ಶುರು ಮಾಡಿದ್ದಾರೆ. ತಮ್ಮನಿಗೆ ಐದೂ ಕಟ್ಟಡಗಳ ತಾರಸಿಗೆ ಸೋಲಾರ್ ಹಾಕಿಸುವ ಹುಮ್ಮಸ್ಸು. ನನಗೆ ಅಂಧೇರಿಯ ಹಳೇ ಚಿಲ್ಲರ್, ಅಂದರೆ ಇಡೀ ಕಟ್ಟಡದ ಏಸಿಗೆ ನೀರು ತಣ್ಣಗೆ ಮಾಡಿಕೊಡುವ ಯಂತ್ರ, ಬದಲಿಸೋಣ ಅನ್ನಿಸುತ್ತದೆ, ಬಿಲ್ಲು ಅಲ್ಲೇ ಹೆಚ್ಚು. ಎರಡರಲ್ಲಿ ಯಾವುದು ಮೊದಲು?
– ಅಂಧೇರಿಯ ಓದುಗರು

ಉತ್ತರ: ಎರಡೂ ಅಲ್ಲ. ಮೊದಲು ಐದು ಕಟ್ಟಡಗಳ ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಂದೇ ಮೇಜಿನ ಮೇಲೆ ಹರಡಿ. ಖರ್ಚು ಇಲ್ಲ, ಒಂದು ಭಾನುವಾರ ಸಾಕು.

ಬಿಲ್ಲಿನ ಮೊತ್ತ ನೋಡಬೇಡಿ. ವರ್ಷದ ಯೂನಿಟ್ಟುಗಳನ್ನು ಕಟ್ಟಡದ ಚದರ ಮೀಟರಿನಿಂದ ಭಾಗಿಸಿ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ, ಅಂದರೆ ನಾವೆಲ್ಲ ಬಿಇಇ ಅನ್ನುವುದು, ಆಫೀಸ್ ಕಟ್ಟಡಗಳಿಗೆ ಸ್ಟಾರ್ ಕೊಡುವುದೂ ಇದೇ ಲೆಕ್ಕದ ಮೇಲೆ. ನೀವು ಕಳಿಸಿದ ಅಂಕಿಯಲ್ಲೇ ನೋಡೋಣ. ಅಂಧೇರಿ 30,000 ಚದರ ಅಡಿ, ಅಂದರೆ ಸುಮಾರು 2,790 ಚದರ ಮೀಟರು, ವರ್ಷಕ್ಕೆ 3.9 ಲಕ್ಷ ಯೂನಿಟ್. ಚದರ ಮೀಟರಿಗೆ ಸುಮಾರು 140 ಆಯಿತು. ಥಾಣೆಯದು 12,000 ಚದರ ಅಡಿಯ ಸಣ್ಣ ಕಟ್ಟಡ, 2.6 ಲಕ್ಷ ಯೂನಿಟ್. ಅಲ್ಲಿ 233! ನೀವು ಬೈಯುತ್ತಿದ್ದುದು ಅಂಧೇರಿಯನ್ನು, ಕಳ್ಳ ಕೂತಿರುವುದು ಥಾಣೆಯಲ್ಲಿ. ಥಾಣೆಯಲ್ಲಿ ರಾತ್ರಿ ಪಾಳಿಯ ಕಾಲ್ ಸೆಂಟರ್ ಇದ್ದರೆ ಮಾತು ಬೇರೆ. ಇಲ್ಲ ಎಂದು ನೀವೇ ಬರೆದಿದ್ದೀರಿ.

ಹಾಗಾದರೆ ಎರಡನೇ ಕೆಲಸ ಥಾಣೆಯ ವಾಚ್‌ಮನ್‌ನದು. ರಾತ್ರಿ ಹತ್ತಕ್ಕೆ ಒಮ್ಮೆ, ಬೆಳಿಗ್ಗೆ ಆರಕ್ಕೆ ಒಮ್ಮೆ ಮೀಟರಿನ ಅಂಕಿ ಬರೆದಿಡಲಿ, ಒಂದು ವಾರ. ದೊಡ್ಡ ಕಟ್ಟಡದ ಮೀಟರಿನಲ್ಲಿ ಕಾಣುವ ಅಂಕಿಯನ್ನು ಬಿಲ್ಲಿನಲ್ಲಿರುವ ‘ಎಂಎಫ್’, ಅಂದರೆ ಗುಣಕದ ಅಂಕಿಯಿಂದ ಗುಣಿಸಬೇಕು, ಇದನ್ನು ಮರೆತು ‘ಅಯ್ಯೋ, ಎರಡೇ ಯೂನಿಟ್’ ಎಂದು ಖುಷಿಪಟ್ಟವರನ್ನು ನೋಡಿದ್ದೇನೆ. ಎಂಟು ಗಂಟೆಯಲ್ಲಿ 96 ಯೂನಿಟ್ ಓಡಿತು ಅಂದುಕೊಳ್ಳಿ. ಗಂಟೆಗೆ 12, ವರ್ಷಕ್ಕೆ 35,000 ಯೂನಿಟ್. ಯೂನಿಟ್ಟಿಗೆ 12 ರೂಪಾಯಿ ಹಿಡಿದರೆ 4.2 ಲಕ್ಷ, ಅದೂ ಯಾರೂ ಇಲ್ಲದ ಹೊತ್ತಿನಲ್ಲಿ. ಸರ್ವರ್ ರೂಮು, ಮೆಟ್ಟಿಲ ದೀಪ, ಸಿಸಿಟಿವಿ ಎಲ್ಲ ಕಳೆದರೂ ಅರ್ಧದಷ್ಟಾದರೂ ಸುಮ್ನೆ ಹೋಗುತ್ತಿರಬಹುದು.

ಹೋಗುವುದು ಎಲ್ಲಿಂದ? ಹಿಂದೊಮ್ಮೆ ಮುಂಬೈಯ ಒಂದು ಕಟ್ಟಡಕ್ಕೆ ರಾತ್ರಿ ಒಂಬತ್ತೂವರೆಗೆ ಹೋಗಿದ್ದೆ. ಎಂಟನೇ ಮಹಡಿ ಪೂರ್ತಿ ಕತ್ತಲೆ. ಆದರೆ ಏಸಿಯ ಗಾಳಿ ತಳ್ಳುವ ದೊಡ್ಡ ಫ್ಯಾನ್ ಗುಂಯ್‌ಗುಟ್ಟುತ್ತಿತ್ತು. ಆ ಕೋಣೆಯ ಬಾಗಿಲು ತೆಗೆದರೆ ಪ್ಯಾನೆಲ್ಲಿನ ಸ್ವಿಚ್ಚು ‘ಆಟೋ’ದಲ್ಲಿಲ್ಲ, ‘ಮ್ಯಾನುಯಲ್’ನಲ್ಲಿದೆ. ಅದರ ಮೇಲೆ ಬಣ್ಣ ಮಾಸಿದ ಟೇಪು, ಟೇಪಿನ ಮೇಲೆ ಮರಾಠಿಯಲ್ಲಿ ‘ಹಾತ್ ಲಾವೂ ನಯೇ’, ಮುಟ್ಟಬೇಡಿ ಅಂತ. ಯಾವಾಗಲೋ ಒಬ್ಬ ಬಾಡಿಗೆದಾರ ಬೆಳಿಗ್ಗೆ ಬಂದಾಗ ಸೆಕೆ ಎಂದು ಕೂಗಾಡಿದ್ದಾನೆ, ಯಾರೋ ತಿರುಗಿಸಿ ಅಂಟಿಸಿದ್ದಾರೆ. ಆ ಬಾಡಿಗೆದಾರ ಖಾಲಿ ಮಾಡಿ ಹೋಗಿ ಎರಡು ವರ್ಷವಾಗಿತ್ತು. ಪಕ್ಕದ ಫಿಲ್ಟರ್ ಎಳೆದು ನೋಡಿದೆ, ಬೂದಿ ಬಣ್ಣದ ಕಂಬಳಿ ಥರ ಆಗಿತ್ತು. ಟೇಪು ಕಿತ್ತು ಟೈಮರ್ ಸರಿ ಮಾಡಿ, ಫಿಲ್ಟರ್ ತೊಳೆಸಿದೆವು. ಅವತ್ತು ನಾನು ಹೇಳಿದ ‘ತಂತ್ರಜ್ಞಾನ’ ಅಷ್ಟೇ, ಚಾ ಕುಡಿದು ಬಂದೆ.

ಈಗ ನಿಮ್ಮ ಚಿಲ್ಲರ್. ಅದನ್ನು ಕೊನೆಗೆ ಇಡಿ ಅನ್ನುವುದಕ್ಕೆ ಕಾರಣ ಇದೆ. ಹಳೇ ಚಿಲ್ಲರನ್ನು ಆರಿಸಿದ ಕಾಲದಲ್ಲಿ ಚೋಕ್ ಇರುವ ಟ್ಯೂಬ್‌ಲೈಟು, ಡಬ್ಬಿಯಂಥ ಕಂಪ್ಯೂಟರ್ ಪರದೆ ಇದ್ದವು. ಒಂದೊಂದೂ ಕರೆಂಟು ತಿಂದು ಬಿಸಿ ಉಗುಳುತ್ತಿತ್ತು, ಆ ಬಿಸಿಯನ್ನು ಹೊರಹಾಕಲು ಏಸಿ ಮತ್ತೆ ಕರೆಂಟು ತಿನ್ನುತ್ತಿತ್ತು. ಈಗ ಉಳಿದ ಟ್ಯೂಬುಗಳಿಗೂ ಎಲ್‌ಇಡಿ ಹಾಕಿ, ಪಡುವಣ ಬಿಸಿಲು ಬೀಳುವ ಗಾಜಿಗೆ ನೆರಳು ಮಾಡಿ, ಏಸಿಯನ್ನು 20ರಿಂದ 24ಕ್ಕೆ ತನ್ನಿ. ಒಂದು ಡಿಗ್ರಿ ಏರಿಸಿದರೆ ಏಸಿಯ ಕರೆಂಟು ಸುಮಾರು ಶೇ. 6 ಇಳಿಯುತ್ತದೆ ಎಂದು ಬಿಇಇ ಹೇಳುತ್ತದೆ. ಇಷ್ಟೆಲ್ಲ ಆದಮೇಲೆ ನಿಮಗೆ ಬೇಕಾಗುವ ಚಿಲ್ಲರೇ ಚಿಕ್ಕದು. ಇವತ್ತೇ ಕೊಂಡರೆ ಹಳೇ ಅಳತೆಯದನ್ನೇ ಹೊಸ ದುಡ್ಡು ಕೊಟ್ಟು ತಂದ ಹಾಗೆ. ಅಲ್ಲಿಯವರೆಗೆ ಚಿಲ್ಲರಿನ ಬಿಸಿಯನ್ನು ನೀರಿಗೆ ದಾಟಿಸುವ ಕಂಡೆನ್ಸರ್ ಟ್ಯೂಬುಗಳಲ್ಲಿ ಕಟ್ಟಿದ ಗಟ್ಟಿ ಬಿಳಿ ಪದರ ತೆಗೆಸಿ. ಆ ನೀರನ್ನು ಮತ್ತೆ ತಣ್ಣಗೆ ಮಾಡುವ ಕೂಲಿಂಗ್ ಟವರಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಹಾಕುವ ಕಡೆ ಇದು ಬೇಗ ಕಟ್ಟುತ್ತದೆ. ದೊಡ್ಡ ಫ್ಯಾನು, ಪಂಪುಗಳಿಗೆ ವೇಗ ಬದಲಿಸುವ ಡ್ರೈವ್, ಅಂದರೆ ವಿಎಫ್‌ಡಿ, ಹಾಕಿಸಿ. ಫ್ಯಾನು ಶೇ. 80 ವೇಗದಲ್ಲಿ ಓಡಿದರೆ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಂಬಲು ಕಷ್ಟ, ಆದರೆ ಲೆಕ್ಕ ಅದೇ.

ಕಟ್ಟಡ ಹಳತು ಅಂತ ಕೈಚೆಲ್ಲಬೇಡಿ. ದಕ್ಷಿಣ ಮುಂಬೈಯ ಗೋದ್ರೇಜ್ ಭವನ 1972ರದು. 2010ರಲ್ಲಿ ಅದನ್ನು ಕೆಡವದೆಯೇ ಏಸಿ, ದೀಪಗಳನ್ನೆಲ್ಲ ಬದಲಿಸಿದರು.

ತಮ್ಮನ ಸೋಲಾರ್? ಒಂದು ಕಿಲೋವಾಟ್‌ಗೆ ನೆರಳಿಲ್ಲದ 100 ಚದರ ಅಡಿ ಬೇಕು. ಅಂಧೇರಿಯ ತಾರಸಿಯಲ್ಲಿ ನೀರಿನ ಟ್ಯಾಂಕು, ಲಿಫ್ಟ್ ಕೋಣೆ, ಮೊಬೈಲ್ ಟವರ್ ಬಿಟ್ಟು 3,000 ಅಡಿ ಸಿಕ್ಕಿತು ಅನ್ನಿ. 30 ಕಿಲೋವಾಟ್, ಮಳೆಗಾಲದ ಮೋಡ ಸೇರಿಸಿ ವರ್ಷಕ್ಕೆ ಸುಮಾರು 40,000 ಯೂನಿಟ್. ಇದನ್ನು ಥಾಣೆಯ ರಾತ್ರಿ ಲೆಕ್ಕದ ಪಕ್ಕ ಇಟ್ಟು ನೋಡಿ. ಸೋಲಾರ್ ಬೇಡ ಅನ್ನುತ್ತಿಲ್ಲ, ಸೋರುವ ಕೊಡ ಮುಚ್ಚಿ ಆಮೇಲೆ ನೀರು ತುಂಬಿಸಿ. ಐದು ಕಟ್ಟಡ ಇರುವವರಿಗೆ ಇನ್ನೊಂದು ದಾರಿಯೂ ಇದೆ. ಹೊರಗಿನ ಸೋಲಾರ್, ಗಾಳಿ ವಿದ್ಯುತ್ತನ್ನು ನೇರ ಕೊಳ್ಳಲು ಮೊದಲು 1 ಮೆಗಾವಾಟ್ ಲೋಡ್ ಬೇಕಿತ್ತು, 2022ರ ನಿಯಮದಲ್ಲಿ ಅದು 100 ಕಿಲೋವಾಟ್‌ಗೆ ಇಳಿಯಿತು. ಒಂದೇ ವಿದ್ಯುತ್ ವಿಭಾಗದಲ್ಲಿರುವ ಹಲವು ಮೀಟರುಗಳನ್ನು ಕೂಡಿಸಿಯೂ ಆ 100 ತೋರಿಸಬಹುದು. ಮುಲುಂದ್, ಥಾಣೆ ಎರಡೂ ರಾಜ್ಯ ಸರ್ಕಾರದ ವಿದ್ಯುತ್ ಕಂಪನಿ ಮಹಾವಿತರಣದ ಕೆಳಗೆ ಬರುತ್ತವೆ, ವಿಭಾಗ ಒಂದೇನಾ ಅಂತ ಬಿಲ್ಲಿನಲ್ಲಿ ನೋಡಿಕೊಳ್ಳಿ.

ಅಸಲಿ ಜಗಳ ಯಂತ್ರದ್ದಲ್ಲ, ಕಾಗದದ್ದು. ಚಿಲ್ಲರಿಗೆ ದುಡ್ಡು ಹಾಕುವವರು ನೀವು, ಬಿಲ್ಲು ಇಳಿದು ಲಾಭ ಆಗುವುದು ಬಾಡಿಗೆದಾರನಿಗೆ. ಹೀಗಿರುವಾಗ ಯಾರು ಕೈ ಹಾಕುತ್ತಾರೆ ಹೇಳಿ? ಮುಂದಿನ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಬರೆಯುವಾಗ ಎರಡು ಸಾಲು ಸೇರಿಸಿ. ಮಹಡಿಗೊಂದು ಸಬ್ ಮೀಟರ್, ಓದಿದ ಅಂಕಿ ಇಬ್ಬರಿಗೂ ಕಾಣಬೇಕು. ಹೊಸ ಯಂತ್ರದ ಖರ್ಚನ್ನು ತಿಂಗಳ ಮೆಂಟೆನೆನ್ಸಿನಲ್ಲಿ ವಸೂಲಿ ಮಾಡಬಹುದು, ಆದರೆ ಉಳಿತಾಯಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಅಲ್ಲ. ದೊಡ್ಡ ಕಂಪನಿಗಳು ಇದಕ್ಕೆ ತಕರಾರು ಮಾಡಿದ್ದನ್ನು ನಾನು ಕಂಡಿಲ್ಲ. ಸರ್ಟಿಫಿಕೇಟಿನ ಅರ್ಜಿಗೂ ಇದೇ ಅಂಕಿಗಳು ಬೇಕು, ಅದು ತಾನಾಗಿ ಹಿಂದೆ ಬರುತ್ತದೆ.

ಪ್ರಶ್ನೆ: ಪುಣೆಯ ಬಾಣೇರ್‌ನಲ್ಲಿ ನಮ್ಮ ಬಾಡಿಗೆ ಆಫೀಸಿನ ಆಡಳಿತ ನೋಡಿಕೊಳ್ಳುತ್ತೇನೆ. ಹೆಡ್ ಆಫೀಸಿನವರು ಇಂಗಾಲದ ಲೆಕ್ಕ ಕೇಳುತ್ತಾರೆ. ಮಾಲೀಕರು ಮೆಂಟೆನೆನ್ಸ್ ಅಂತ ಒಟ್ಟು ಮೊತ್ತದ ಬಿಲ್ಲು ಮಾತ್ರ ಕೊಡುತ್ತಾರೆ. ಏನು ಮಾಡಲಿ?
– ಪುಣೆಯ ಓದುಗರು

ಉತ್ತರ: ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಇಂಥ ವರದಿ ಕೊಡಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ, ಹಾಗಾಗಿ ಈ ಕಾಟ ಕಡಿಮೆಯಾಗುವುದಿಲ್ಲ. ಲೆಕ್ಕ ಕಷ್ಟದ್ದಲ್ಲ. ಗ್ರಿಡ್ ವಿದ್ಯುತ್ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ, ಜನರೇಟರಿನ ಡೀಸೆಲ್ ಲೀಟರಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ನಿಮಗೆ ಬೇಕಿರುವುದು ಯೂನಿಟ್ಟು ಮತ್ತು ಲೀಟರು, ರೂಪಾಯಿ ಅಲ್ಲ. ಮಾಲೀಕರ ಹತ್ತಿರ ಹಣ ಕಡಿಮೆ ಮಾಡಿ ಎಂದು ಕೇಳಬೇಡಿ, ಅಲ್ಲಿಗೆ ಮಾತು ನಿಲ್ಲುತ್ತದೆ. ‘ಬಿಲ್ಲಿನ ಕೆಳಗೆ ಯೂನಿಟ್ ಬರೆದು ಕೊಡಿ’ ಅಂತಷ್ಟೇ ಕೇಳಿ. ಇನ್ನೊಂದು ಮಾತು. ಪುಣೆಯ ಡಿಸೆಂಬರ್ ಬೆಳಗು ಎಷ್ಟು ತಣ್ಣಗಿರುತ್ತದೆ! ಹನ್ನೊಂದರವರೆಗೆ ಹೊರಗಿನ ಗಾಳಿಯನ್ನೇ ಒಳಗೆ ಬಿಡಬಹುದು. ಸ್ವೆಟರ್ ಹಾಕಿಕೊಂಡು ಬಂದು ಏಸಿ ಕೆಳಗೆ ಕೂರುವ ಊರು ಅದು.

ಪ್ರಶ್ನೆ: ಪಣಜಿ ಮತ್ತು ಮಾಪುಸಾದಲ್ಲಿ ನಮ್ಮ ಎರಡು ಲಾಡ್ಜ್‌ಗಳಿವೆ. ಒಬ್ಬರು ಬಂದು, ಪ್ಲಗ್ಗಿಗೆ ಸಿಕ್ಕಿಸುವ ಡಬ್ಬಿ ಹಾಕಿದರೆ ಬಿಲ್ಲು ಶೇ. 30 ಇಳಿಯುತ್ತದೆ ಅಂದರು. ತಗೊಳ್ಳಲಾ?
– ಗೋವಾದ ಓದುಗರು

ಉತ್ತರ: ಬೇಡ. ಆ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಕೆಪಾಸಿಟರ್, ಒಂದು ಮಿಣುಕು ದೀಪ. ಯೂನಿಟ್ ಇಳಿಯುವುದಿಲ್ಲ. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಕೆಟ್ಟು ದಂಡ ಬೀಳುತ್ತಿದ್ದರೆ ಅದಕ್ಕೆ ಮುಖ್ಯ ಪ್ಯಾನೆಲ್ಲಿನಲ್ಲಿ ಸರಿಯಾದ ಕೆಪಾಸಿಟರ್ ಪ್ಯಾನೆಲ್ ಬೇಕು, ಪ್ಲಗ್ಗಿನ ಡಬ್ಬಿ ಅಲ್ಲ. ಆ ದುಡ್ಡು ಬಿಸಿನೀರಿಗೆ ಹಾಕಿ. ರೂಮಿಗೊಂದು ಗೀಸರ್ ಬದಲು, ಹೊರಗಿನ ಗಾಳಿಯ ಬಿಸಿಯನ್ನು ಎಳೆದು ನೀರು ಕಾಯಿಸುವ ಹೀಟ್ ಪಂಪ್ ಕೂರಿಸಿದರೆ ಗೋವಾದ ಸೆಕೆಯಲ್ಲಿ ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನಷ್ಟು ಬಿಸಿ ಸಿಗುತ್ತದೆ. ಪಣಜಿಯದರಲ್ಲಿ ಮೊದಲು ಹಾಕಿ, ಒಂದು ಸೀಸನ್ ಮೀಟರ್ ಬರೆದು ನೋಡಿ, ಆಮೇಲೆ ಮಾಪುಸಾ.